ಮೂರನೆಯ ಕೂಗು

ನನ್ನ ಗಂಡನದು ಶಹಾಪುರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜು. ಕಾಲುವೆ ಬಂದ ಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಭತ್ತದ ಹಿಂದೆ ಲಾರಿಗಳು ಬಂದವು, ಲಾರಿಗಳಿಂದ ನಮ್ಮ ಮನೆಗೆ ಫ್ರಿಜ್ಜು, ಟೀವಿ ಎಲ್ಲ ಬಂದವು. ಹಾಗಾಗಿ ಕಾಲುವೆಯನ್ನು ಬೈಯಲು ನಮಗೆ ಬಾಯಿಲ್ಲ. ನನ್ನ ಅತ್ತೆಯೂ ಅದನ್ನು ಬೈಯುತ್ತಿರಲಿಲ್ಲ. ಅದು ಕಂಡಲ್ಲೆಲ್ಲ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು, ಅಷ್ಟೆ.

ಆ ಬೇಸಿಗೆ ಇವರು, ನನ್ನ ಗಂಡ, ಒಂದು ಹಳೆಯ ಮಿನಿಬಸ್ಸು ತಂದರು. ಮದುವೆ ದಿಬ್ಬಣ ಹೊತ್ತು ಹೊತ್ತು ಸವೆದದ್ದು. ಸೀಟೆಲ್ಲ ಕಿತ್ತು, ಎರಡು ಹಲಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ ಹಾಕಿಸಿ ಬಾಗಿಲ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದರು. ಓಣಿಯವರೆಲ್ಲ ಹೊರಬಂದು ನೋಡಿದರು. ನಮ್ಮ ಮಗಳು ಅದಕ್ಕೆ ಮನಿಗಾಡಿ ಅಂತ ಹೆಸರಿಟ್ಟಳು. ಗಂಡಸಿಗೆ ಹುಚ್ಚು ಹಿಡಿದರೆ ಕಬ್ಬಿಣದ ಮೇಲೆ ತೀರಿಸಿಕೊಳ್ಳುತ್ತಾನೆ ಅಂತ ನಾನು ಅಂದುಕೊಂಡೆ. ಆದರೆ ಒಳಗೆ ಹತ್ತಿ ಮಂಚದ ಮೇಲೆ ಕಾಲು ಚಾಚಿದ ಮೇಲೆ ನನಗೂ ಆಸೆಯಾಯಿತು.

ಸುರಪುರದಲ್ಲಿ ನನ್ನ ತವರು, ಹುಣಸಗಿಯಲ್ಲಿ ಇವರ ಸೋದರಮಾವನ ಮನೆ. ಎರಡೂ ಮುಗಿಸಿ, ಯಾದಗಿರಿ ಮೇಲೆ ಹಾದು ಹೈದರಾಬಾದಿಗೆ ಹೋಗುವುದು ಅಂತಾಯಿತು. ಹೈದರಾಬಾದಿನ ಹೊರಗೆ ಒಂದು ದೊಡ್ಡ ಪಾರ್ಕು, ಅದರಲ್ಲಿ ನೀರಿನ ಜಾರುಬಂಡಿಗಳು. ಪಕ್ಕದ ಮನೆಯ ಖಾಲಾ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿದ್ದರು, ಅಲ್ಲಿ ಹಂಚಿದ ಬಣ್ಣದ ಕಾಗದವನ್ನು ನಮ್ಮ ಮಗಳಿಗೆ ಕೊಟ್ಟಿದ್ದರು. ಹಸಿರು, ಹಳದಿ ಕೊಳವೆಗಳು ಆಕಾಶದಿಂದ ಸುತ್ತಿಕೊಂಡು ಇಳಿದು ನೀಲಿ ನೀರಿಗೆ ಬಾಯಿ ತೆರೆಯುವ ಚಿತ್ರ. ಗಾಡಿ ಹೊರಟಾಗಿನಿಂದ ಮಗಳು ಅದನ್ನು ನೆಲದ ಮೇಲೆ ಹರಡಿ, ಹಾರದಂತೆ ಮೂಲೆಗೆ ಲೋಟ ಇಟ್ಟು, ಅದರ ಮುಂದೆಯೇ ಕೂತಿದ್ದಳು.

ಆ ಪ್ರಯಾಣದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ. ಮಗಳ ಭಯ ಬಿಡಿಸುವುದು. ಮೂರನೆಯ ಕ್ಲಾಸಿನ ಹುಡುಗಿ, ಬಚ್ಚಲಲ್ಲಿ ತಲೆಯ ಮೇಲೆ ತಂಬಿಗೆ ನೀರು ಹಾಕಿದರೂ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ಅದು ಅತ್ತೆ ಕಲಿಸಿದ ಭಯ. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಅತ್ತೆಯ ಹಿರಿಮಗಳು, ನನ್ನ ಗಂಡನ ಅಕ್ಕ, ನನ್ನ ಮಗಳಷ್ಟೇ ವಯಸ್ಸಿನವಳು, ಸಂಜೆ ದಂಡೆಗೆ ಹೋದವಳು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಂದಿನಿಂದ ಆ ಹುಡುಗಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೇ ಆ ಹೆಸರು ಗೊತ್ತಿರಲಿಲ್ಲ ಅಂದರೆ ನೋಡಿ.

ಅತ್ತೆ ಮೊಮ್ಮಗಳಿಗೆ ಕಲಿಸಿದ ಪಾಠಗಳಲ್ಲಿ ಮೊದಲನೆಯದು ಇದು. ಹೊತ್ತು ಮುಳುಗುವಾಗ ನೀರಿನ ಹತ್ತಿರ ಯಾರಾದರೂ ಕರೆದರೆ ಓ ಅನ್ನಬಾರದು.

"ಅವು ಎರಡ ಸಲ ಕರೀತಾವ, ನಮ್ಮವ್ವ," ಅನ್ನುತ್ತಿದ್ದರು. "ಎರಡಕ್ಕೂ ಬಾಯಿ ಬಿಡಬ್ಯಾಡ. ಮೂರನೇ ಸಲ ಕರದ್ರ ಅದು ಮನಷ್ಯಾರ. ಆವಾಗ ಓ ಅನ್ನು."

ದೆವ್ವಗಳ ಬಗ್ಗೆ ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು, ನಾನೂ ಇದನ್ನು ಕೇಳಿಯೇ ಬೆಳೆದವಳು. ಆದರೆ ನಾನು ಟೀಚರು. ನೀರು ಆವಿಯಾಗುವುದು ಹೇಗೆ ಅಂತ ಹಲಗೆಯ ಮೇಲೆ ಚಿತ್ರ ಬರೆದು ತೋರಿಸುವವಳು. ನನ್ನ ಮನೆಯಲ್ಲಿಯೇ ಇಂಥ ಪಾಠ ನಡೆಯುವುದು ನನಗೆ ಮೈ ಉರಿಸುತ್ತಿತ್ತು. ಸಾವಿರ ಜನ ಕಿರುಚಿ ನಗುವ ಆ ನೀರಿನಲ್ಲಿ ಒಂದು ಸಲ ಮುಳುಗಿಸಿ ಎತ್ತಿದರೆ ಎಲ್ಲ ತೊಳೆದು ಹೋಗುತ್ತದೆ ಅಂತ ನಂಬಿದ್ದೆ. ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಗಂಟು ಕಟ್ಟಿಕೊಂಡು ಗಾಡಿ ಹತ್ತಿದವರು ಅವರೇ. "ನೀರಿಗಿ ಕೂಸಿನ್ನ ಒಬ್ಬಾಕಿನ್ನ ಕಳಸಂಗಿಲ್ಲ," ಅಂದರು.

ಸುರಪುರದ ತನಕ ದಾರಿಯೆಲ್ಲ ಯೋಜನೆಯೇ ಯೋಜನೆ. ರೊಟ್ಟಿ ಒಳಗೆ ಒಯ್ಯಲು ಬಿಡುತ್ತಾರೋ ಇಲ್ಲವೋ, ರೊಟ್ಟಿಗೆ ನೆಂಚುವ ಶೇಂಗಾ ಹಿಂಡಿಯನ್ನು ಚೀಲದ ತಳಕ್ಕೆ ಮುಚ್ಚಿಡಬಹುದೋ, ರಾತ್ರಿ ಪಾರ್ಕಿನ ಹೊರಗೇ ಗಾಡಿಯಲ್ಲಿ ಮಲಗಿದರೆ ಯಾರಾದರೂ ಎಬ್ಬಿಸುತ್ತಾರೋ. ಎತ್ತರದ ಜಾರುಬಂಡಿಗೆ ಮಕ್ಕಳ ಎತ್ತರ ನೋಡಿ ಬಿಡುತ್ತಾರೆ ಅಂತ ಖಾಲಾ ಹೇಳಿದ್ದರು. ಇವರು ಗಾಡಿ ನಿಲ್ಲಿಸಿದಾಗಲೆಲ್ಲ ಮಗಳನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ತಲೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆಯುವರು. ಅವಳು ಹಿಮ್ಮಡಿ ಎತ್ತುವಳು, ಇವರು ನೋಡಿಯೂ ನೋಡದಂತೆ ಗೆರೆ ಎಳೆಯುವರು. ಅತ್ತೆ ಮಾತ್ರ ಈ ಯಾವುದರಲ್ಲೂ ಬಾಯಿ ಹಾಕಲಿಲ್ಲ. ರಸ್ತೆ ತಿರುಗಿದಲ್ಲೆಲ್ಲ ಕಾಲುವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು. ಅತ್ತೆ ಎದ್ದು ಈ ಮಂಚದಿಂದ ಆ ಮಂಚಕ್ಕೆ ಜಾಗ ಬದಲಿಸುತ್ತಿದ್ದರು.

ಸುರಪುರದಲ್ಲಿ ತವರಿನವರ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆವು. ಸಂಜೆ ನಾನು ಒಳಗೆ ಚಹಾ ಕುಡಿಯುತ್ತಿದ್ದಾಗ ಮಗಳು ಬಂದು ನನ್ನ ಪಕ್ಕ ಕೂತಳು.

"ಯಾರೋ ಕರದ್ರು," ಅಂದಳು.

"ಯಾರು?"

"ಗೊತ್ತಿಲ್ಲ. ಎರಡ ಸಲ ಕರದ್ರು. ನಾ ಓ ಅನ್ಲಿಲ್ಲ."

ಹೊರಗೆ ಹೋಗಿ ನೋಡಿದೆ. ಅಂಗಳದಲ್ಲಿ ಗಾಡಿ ಬಿಟ್ಟರೆ ಒಂದು ಕಟ್ಟಿದ ಎಮ್ಮೆ. ಅದು ಮೇವು ಬಿಟ್ಟು ಗಾಡಿಯ ಹಿಂದಿನ ಬಾಗಿಲನ್ನೇ ನೋಡುತ್ತಿತ್ತು. ಅಲ್ಲಿ ಹತ್ತಿರ ನೀರೆಂದರೆ ನಮ್ಮ ಡ್ರಮ್ಮಿನದು ಮಾತ್ರ. ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ರಾತ್ರಿ ಊಟಕ್ಕೆ ಅವರನ್ನು ನಾನು ಕರೆಯಲಿಲ್ಲ, ನನ್ನ ತಾಯಿಯೇ ಕರೆದರು.

ಹುಣಸಗಿಯಿಂದ ತಿರುಗಿ ಬರುವಾಗ ಇವರು ಕಾಲುವೆ ದಂಡೆಯ ರಸ್ತೆ ಹಿಡಿದರು. ಹತ್ತಿರದ ದಾರಿ, ಲಾರಿಗಳ ಕಾಟವಿಲ್ಲ. ಕಾಲುವೆ ಒಣಗಿತ್ತು. ಬೇಸಿಗೆಯಲ್ಲಿ ನೀರು ನಿಲ್ಲಿಸುತ್ತಾರೆ. ತಳದಲ್ಲಿ ಅಲ್ಲಲ್ಲಿ ಹಸಿರು ಗುಂಡಿ, ಒಡೆದ ಕೆಸರು, ಎರಡೂ ಬದಿಗೆ ನುಣುಪಾದ ಸಿಮೆಂಟಿನ ಇಳಿಜಾರು. ಹೊತ್ತು ಇಳಿಯುವಾಗ ಒಂದು ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ನಾನು ಒಲೆ ಹಚ್ಚಿದೆ. ಇವರು ಟಯರು ನೋಡಲು ಕೂತರು. ಮಗಳು ಇಳಿಜಾರನ್ನು ನೋಡಿದಳು, ನೆಲದ ಮೇಲಿನ ಕಾಗದವನ್ನು ನೋಡಿದಳು, ನನ್ನ ಮುಖ ನೋಡಿದಳು.

"ಅವ್ವಾ, ಇಲ್ಲಿ ಕಲ್ತಕೋತೀನಿ. ಅಲ್ಲಿ ಅಂಜಿಕಿ ಬರಂಗಿಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ಗೋಣಿಚೀಲ ನಾನೇ ಕೊಟ್ಟೆ. ಅವಳು ಅದರ ಮೇಲೆ ಕೂತು ಸರ್ರನೆ ತಳಕ್ಕೆ ಜಾರಿದಳು. ಸೇತುವೆಯ ಪಕ್ಕದ ಮೆಟ್ಟಿಲಿಂದ ಹತ್ತಿ ಬಂದು ಮತ್ತೆ ಜಾರಿದಳು. ಅವಳ ನಗು ಒಣ ಕಾಲುವೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಗಾಡಿಯೊಳಗಿಂದ ಅತ್ತೆ, "ಹೊತ್ತು ಮುಳಗಾಕತ್ತದ, ಕೂಸಿನ್ನ ಮ್ಯಾಲ ಕರೀ," ಅಂದರು. ನಾನು ಕೇಳಿಸಿದರೂ ಕೇಳಿಸದವಳಂತೆ ಒಗ್ಗರಣೆ ಹಾಕಿದೆ.

ನಮಗೆ ಗೊತ್ತಿರಲಿಲ್ಲ, ಅವತ್ತು ಕುಡಿಯುವ ನೀರಿನ ಕೆರೆ ತುಂಬಿಸಲು ಕಾಲುವೆಗೆ ನೀರು ಬಿಟ್ಟಿದ್ದರು. ದಂಡೆಯ ಊರುಗಳಲ್ಲೆಲ್ಲ ಡಂಗುರ ಹೊಡೆಸಿದ್ದರಂತೆ. ಡಂಗುರ ಊರಿನವರಿಗೆ. ನಾವು ಯಾವ ಊರಿನವರೂ ಆಗಿರಲಿಲ್ಲ, ಗಾಡಿಯವರು.

ಮೊದಲು ನಗು ನಿಂತಿತು. ನಾನು ಬಾಗಿಲಿಗೆ ಬಂದು ನೋಡಿದೆ. ಇಳಿಜಾರಿನಲ್ಲಿ ಗೋಣಿಚೀಲ ಮಾತ್ರ ಬಿದ್ದಿತ್ತು. ಮಗಳ ಹೆಸರು ಹಿಡಿದು ಕರೆದೆ. ಉತ್ತರವಿಲ್ಲ. ಹಕ್ಕಿಗಳ ಗದ್ದಲವೂ ಇರಲಿಲ್ಲ, ಯಾವಾಗ ನಿಂತಿತೋ ತಿಳಿಯದು. ದಂಡೆಯ ಅಂಚಿಗೆ ಓಡಿ ಇನ್ನೊಂದು ಸಲ ಕರೆದೆ. ಆಗಲೇ ಕಂಡಿತು. ಮೇಲಿನ ತಿರುವಿನಲ್ಲಿ ನೀರು ಬರುತ್ತಿತ್ತು. ಅಬ್ಬರವಿಲ್ಲ, ಅಲೆಯಿಲ್ಲ. ಒಣ ಎಲೆ, ಹಳೆಯ ಚಪ್ಪಲಿ, ನೊರೆ, ಎಲ್ಲವನ್ನೂ ಮುಂದೆ ನೂಕಿಕೊಂಡು, ಸದ್ದು ಮಾಡಬಾರದು ಅಂತ ಯಾರೋ ಹೇಳಿ ಕಳಿಸಿದ ಹಾಗೆ ತಳವನ್ನು ನೆಕ್ಕುತ್ತ ಬರುತ್ತಿತ್ತು. ಅದರ ಮುಂದೆ ಒಂದು ಹಾವು ಅವಸರವಿಲ್ಲದೆ ಹರಿದು ಬರುತ್ತಿತ್ತು.

ಇನ್ನೊಂದು ಸಲ ಕರೆಯಬೇಕು ಅಂತ ಬಾಯಿ ತೆರೆದೆ. ದನಿ ಬರಲಿಲ್ಲ. ದಿನವಿಡೀ ಮಕ್ಕಳ ಮೇಲೆ ಕೂಗುವ ನನ್ನ ಗಂಟಲು ಆ ಹೊತ್ತಿಗೆ ಕೈಕೊಟ್ಟಿತು. ಗಾಳಿ ಮಾತ್ರ ಹೊರಬಂತು. ಇವರು ನನ್ನ ಮುಖ ನೋಡಿ ಎದ್ದರು, ಆದರೆ ಮಗಳನ್ನು ಹುಡುಕುತ್ತ ಕೆಳದಿಕ್ಕಿಗೆ ಓಡಿಬಿಟ್ಟರು.

ಆಗ ನನ್ನ ಬೆನ್ನ ಹಿಂದೆ ಒಂದು ಕೂಗು ಎದ್ದಿತು. ಅತ್ತೆ ಗಾಡಿಯಿಂದ ಇಳಿದು ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದರು. ಹೊಲದ ಆ ತುದಿಗೆ ಕೇಳುವ ಹಾಗೆ ಎರಡೂ ಕೈ ಬಾಯಿಗೆ ಹಿಡಿದು ಒಂದು ಹೆಸರು ಕೂಗಿದರು. ಅದು ನನ್ನ ಮಗಳ ಹೆಸರಲ್ಲ. ನಾನು ಯಾವತ್ತೂ ಕೇಳಿದ ಹೆಸರಲ್ಲ.

"ಓ," ಅಂತ ಸೇತುವೆಯ ಕೆಳಗಿಂದ ನನ್ನ ಮಗಳು ಅಂದಳು.

ಕಂಬದ ಮರೆಯಿಂದ, ಬಾಯಿಯ ಮೇಲಿದ್ದ ಕೈ ತೆಗೆಯುತ್ತ ಹೊರಬಂದಳು. ಇವರು ತಿರುಗಿ ಓಡಿಬಂದು ಮೆಟ್ಟಿಲಿಳಿದು ಅವಳ ರಟ್ಟೆ ಹಿಡಿದು ಎಳೆದುಕೊಂಡಾಗ ನೀರು ಅವಳ ಮೊಣಕಾಲಿಗೆ ಬಂದಿತ್ತು. ಮೇಲೆ ತಂದು ನನ್ನ ಕೈಗೆ ಕೊಟ್ಟು, ಇವರು ಅಲ್ಲಿಯೇ ಕುಸಿದು ಕೂತು ತಮ್ಮ ತಾಯಿಯನ್ನು ನೋಡಿದರು. "ಅಕ್ಕನ ಹೆಸರ ಕರದ್ಯಲ್ಲವ್ವ," ಅಂದರು.

ಗಾಡಿಯೊಳಗೆ ಮಗಳ ಕಾಲು ಒರೆಸುತ್ತ ಕೇಳಿದೆ.

"ನಾ ಕರದಾಗ ಯಾಕ ಓ ಅನ್ಲಿಲ್ಲ?"

"ನೀ ಎರಡ ಸಲ ಕರದಿ."

"ಅಜ್ಜಿ ಕರದದ್ದು ನಿನ್ನ ಹೆಸರಲ್ಲ."

"ಗೊತ್ತದ," ಅಂದಳು. "ಸುರಪುರದಾಗ ಕರದ್ರಲ್ಲ, ಅದ ಹೆಸರ."

ಹೊರಗೆ ಕತ್ತಲಾಗಿತ್ತು, ಕಾಲುವೆ ದಂಡೆ ತುಂಬ ಹರಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಯಾರೂ ಕೇಳದೆಯೇ ಮಾತಾಡಿದರು.

"ಅವತ್ತ ನಾ ಎರಡ ಸಲ ಕರದೆ. ಓ ಅನ್ಲಿಲ್ಲ. ಸಿಟ್ಟು ಬಂತು. ಬಂದ್ರ ಬರಲಿ ಅಂತ ಒಳಗ ಹೋಗಿ ರೊಟ್ಟಿ ಬಡಿಯಾಕ ಕೂತೆ. ಅಕಿಗೂ ಈ ಮಾತು ನಾನ ಕಲಿಸಿದ್ದೆ."

"ಹಂಗಿದ್ರ ನನ್ನ ಮಗಳಿಗಿ ಯಾಕ ಕಲಿಸಿದ್ರಿ?" ಅಂತ ಅರಚಿದೆ. ಆಗ ನನ್ನ ಗಂಟಲು ಚೆನ್ನಾಗಿಯೇ ಇತ್ತು.

"ಕಲಸೂದು ಬಿಟ್ರ ಅದು ಸುಳ್ಳ ಅಂದಂಗ ಆತು. ಅದು ಸುಳ್ಳಾದ್ರ," ಅಂದರು ಅತ್ತೆ, "ಅಕಿನ್ನ ನಾನ ಕೊಂದಂಗ ಆತಲ್ಲ."

ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಆರಿದ ಪಲ್ಯವನ್ನು ಬಿಸಿ ಮಾಡಿದೆ.

ಬೆಳಿಗ್ಗೆ ನಾನೇ ಹೇಳಿದೆ, ಪಾರ್ಕೂ ಬೇಡ ಏನೂ ಬೇಡ, ಶಹಾಪುರಕ್ಕೆ ತಿರುಗಿಸಿ ಅಂತ. ಭಯ ಬಿಡಿಸಲು ಹೊರಟವಳು ಮಗಳ ಕೈಯನ್ನು ರಾತ್ರಿಯಿಂದ ಬಿಟ್ಟಿರಲಿಲ್ಲ. ಇವರು ಸರಿ ಅಂತ ಸ್ಟೇರಿಂಗ್ ಹಿಡಿದರು. ಆಗ ಅತ್ತೆ ನೆಲದ ಮೇಲಿನ ಬಣ್ಣದ ಕಾಗದವನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆ ಪ್ರಯಾಣದಲ್ಲಿ ಪಾರ್ಕಿನ ಬಗ್ಗೆ ಅವರು ಕೇಳಿದ ಮೊದಲ ಮಾತು ಇದು.

"ಇಲ್ಲಿ ಮ್ಯಾಲಿಂದ ಜಾರಿ ಬಂದ್ರ, ಕೆಳಗ ಯಾರ ಹಿಡೀತಾರ?"

"ಯಾರೂ ಹಿಡಿಯಂಗಿಲ್ಲವ್ವ. ನೀರಾಗ ಬೀಳ್ತಾರ," ಅಂದರು ಇವರು.

"ಹಂಗಾದ್ರ ನಾ ನಿಂದರ್ತೀನಿ," ಅಂದರು. "ನಡಿ, ಗಾಡಿ ಹೊಡಿ."

ನಾವು ಹೋದೆವು. ಅಲ್ಲಿ ಸೀರೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ತಲೆಯ ಮೇಲಿನ ಸೆರಗು ಜೀವಮಾನದಲ್ಲಿ ಜಾರಿಸದ ನನ್ನ ಅತ್ತೆ ಬಾಡಿಗೆಯ ನೀಲಿ ನೈಲಾನ್ ಅಂಗಿ, ಚಡ್ಡಿ ತೊಟ್ಟು, ಯಾರ ಕಡೆಯೂ ನೋಡದೆ ಸೊಂಟದ ತನಕ ನೀರಿಗಿಳಿದು, ಹಳದಿ ಕೊಳವೆಯ ಬಾಯಿಯ ಮುಂದೆ ಎರಡೂ ಕೈ ಚಾಚಿ ನಿಂತರು. ಕಾವಲಿನ ಹುಡುಗಿ ಪಕ್ಕಕ್ಕೆ ಸರಿಯಿರಿ ಅಂತ ಸೀಟಿ ಊದಿದಳು. ಅತ್ತೆ ಸರಿಯಲಿಲ್ಲ. ಮಗಳು ಕಿರುಚುತ್ತ ಬಂದು ಅವರ ಎದೆಗೆ ಬಿದ್ದಳು. ಅತ್ತೆ ಅವಳನ್ನು ಮುಳುಗಲು ಬಿಡದೆ ಹಿಡಿದು, ಮುಖ ಒರೆಸಿ, ನನ್ನ ಕೈಗೆ ಕೊಟ್ಟರು.

"ಸಾಕು ಬರ್ರಿ ಅತ್ತಿ," ಅಂದೆ. "ಬಂದಾಳಲ್ಲ."

ಅವರು ನನ್ನ ಕಡೆ ತಿರುಗಲಿಲ್ಲ. ಕೊಳವೆಯ ಕತ್ತಲೆ ಬಾಯಿಯನ್ನೇ ನೋಡುತ್ತ, ಕೈ ಚಾಚಿಕೊಂಡೇ ನಿಂತಿದ್ದರು.

"ತಡಿ," ಅಂದರು. "ಇನ್ನೊಬ್ಬಾಕಿ ಬರೂದದ."