ನನ್ನ ಚಪ್ಪಾಳೆ, ನನ್ನ ಮತ

ಚುನಾವಣಾ ಭಾಷಣ ಕೇಳುವುದು ನನಗೊಂದು ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು ಇದ್ದಹಾಗೆ ನನಗೆ ಮೈಕು. ಬನಹಟ್ಟಿಯಲ್ಲಿ ಮಾಸ್ತರಿಕೆ ಮುಗಿಸಿ ನಿವೃತ್ತನಾದ ಮೇಲಂತೂ ಕೇಳುವುದೇ ಬೇಡ. ಸಭೆ ಜಮಖಂಡಿಯಲ್ಲಿದ್ದರೆ ಜಮಖಂಡಿಗೆ, ಮುಧೋಳದಲ್ಲಿದ್ದರೆ ಮುಧೋಳಕ್ಕೆ ಬಸ್ಸು ಹತ್ತಿಬಿಡುತ್ತೇನೆ. ಮುಂದಿನ ಸಾಲಿನಲ್ಲಿ ಕೂತು, ಪಕ್ಷಭೇದವಿಲ್ಲದೆ ಚಪ್ಪಾಳೆ ತಟ್ಟಿ ಬರುತ್ತೇನೆ. ಒಮ್ಮೆ ಬೀಳಗಿಯಲ್ಲಿ ಒಬ್ಬರು ಎಂಥ ಭಾಷಣ ಮಾಡಿದರೆಂದರೆ, ನಾನು ಎದ್ದು ನಿಂತು ಹೆಗಲ ಮೇಲಿನ ಟಾವೆಲ್ಲನ್ನು ಆಕಾಶಕ್ಕೆ ಎಸೆದೆ. ಅದು ಮರಳಿ ಬರಲಿಲ್ಲ. ಹುಡುಕುತ್ತ ಅತ್ತಿತ್ತ ನೋಡಿದರೆ, ನನ್ನಷ್ಟೇ ಹುರುಪಿನಿಂದ ಕೂಗುತ್ತಿದ್ದವರಲ್ಲಿ ಒಬ್ಬರು ತೇರದಾಳದವರು, ಇನ್ನೊಬ್ಬರು ಹಿಪ್ಪರಗಿಯವರು. ಮೂವರಿಗೂ ಅಲ್ಲಿ ಮತವೇ ಇರಲಿಲ್ಲ. ಮತವಿದ್ದ ಪಕ್ಕದ ಅನಗವಾಡಿಯ ರೈತರು ಬೇವಿನ ನೆರಳಲ್ಲಿ ಕೈಕಟ್ಟಿ ನಿಂತು, ಭಾಷಣಕಾರರನ್ನು ಬಿಟ್ಟು ನಮ್ಮನ್ನು ನೋಡುತ್ತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಬರಿ ಹೆಗಲಿನಿಂದ ಕೂತು ಯೋಚಿಸಿದೆ. ನಾನು ಯಾರಿಗೆ ಹೆಚ್ಚು ಚಪ್ಪಾಳೆ ಹೊಡೆದಿದ್ದೇನೋ ಅವರಿಗೆ ಎಂದೂ ಮತ ಹಾಕಿಲ್ಲ. ಯಾರಿಗೆ ಮತ ಹಾಕಿದ್ದೇನೋ ಅವರ ಭಾಷಣ ಒಂದೂ ನೆನಪಿಲ್ಲ. ಹಾಗಾದರೆ ಚುನಾವಣೆಗೆ ನಿಂತವರು ನಮ್ಮ ಮೈ ಝುಮ್ಮೆನ್ನಿಸಲೇಬೇಕೆ?

ಹಳೆಯ ಶಾಸ್ತ್ರಕಾರರು ಉತ್ಸಾಹವನ್ನು ವೀರರಸದ ಸ್ಥಾಯಿಭಾವ ಎಂದಿದ್ದಾರೆ. ಅವರು ನಮ್ಮ ಕಡೆಯ ಸಭೆಗೆ ಬಂದವರಲ್ಲ. ಇಲ್ಲಿಯ ಉತ್ಸಾಹ ಮಂಡಕ್ಕಿ ಮಿರ್ಚಿ ಮುಗಿಯುವತನಕ ನಿಂತರೆ ಹೆಚ್ಚು. ಶಾಸ್ತ್ರಕ್ಕಿಂತ ನನಗೆ ನನ್ನಜ್ಜಿಯ ಕಥೆಗಳ ಮೇಲೆ ನಂಬಿಕೆ. ಆ ಕಥೆಗಳಲ್ಲಿ ರಾಜ ಸತ್ತರೆ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಿದ್ದರು. ಅದು ಯಾರ ಕೊರಳಿಗೆ ಹಾಕಿತೋ ಅವನೇ ರಾಜ. ಆನೆ ಮೀಸೆ ತಿರುವಿ ನಿಂತವರನ್ನೆಲ್ಲ ದಾಟಿ ಹೋಗಿ, ಛತ್ರದ ಮೂಲೆಯಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತ ದಾರಿಹೋಕನಿಗೆ ಮಾಲೆ ಹಾಕುತ್ತಿತ್ತು. “ಅದ್ಯಾಕ ಅವಂಗs ಹಾಕತೈತಬೇ, ಅಜ್ಜಿ?” ಎಂದು ಕೇಳಿದರೆ, “ಆನಿ ದೊಡ್ಡದೈತಿ, ಅದರ ಕಣ್ಣ ಸಣ್ಣವು. ಸಣ್ಣ ಕಣ್ಣಿಗೆ ಸಣ್ಣ ಸಣ್ಣ ಸಂಗತಿ ಕಾಣತಾವು” ಎನ್ನುತ್ತಿದ್ದಳು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಈಚೆಗೆ, ನಮ್ಮ ವಾರ್ಡಿನ ಚುನಾವಣೆಯಲ್ಲಿ, ಈರಪ್ಪನ ದೆಸೆಯಿಂದ.

ಈರಪ್ಪ ನಮ್ಮ ಓಣಿಯ ನೇಕಾರ. ಮನೆಯಲ್ಲಿ ಎರಡು ಪಾವರ್‌ಲೂಮು. ಅವನನ್ನು ಮಿತಭಾಷಿ ಎಂದರೆ ಮಾತು ಹೆಚ್ಚಾಯಿತು ಎಂದು ಅವನೇ ಬೇಸರಪಟ್ಟಾನು. ಅವನು ಬಾಯಿ ತೆರೆದರೆ ಬಸ್ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿ ಓದಿದ ಹಾಗೆ. ಏರಿಲ್ಲ, ಇಳಿವಿಲ್ಲ. ಆದರೆ ತಪ್ಪೂ ಇರುವುದಿಲ್ಲ.

ನಮ್ಮ ಓಣಿ ಏರಿನ ಮೇಲಿದೆ. ನೀರು ಬಿಟ್ಟ ದಿನ ಕೆಳಗಿನ ಮನೆಗಳ ಹಂಡೆ ತುಂಬಿ ಹರಿಯುವ ಹೊತ್ತಿಗೆ, ಮೇಲಿನ ಹದಿನಾಲ್ಕು ಮನೆಗಳ ನಲ್ಲಿಯಲ್ಲಿ ಗಾಳಿ ಸುಯ್ಯೆನ್ನುತ್ತಿರುತ್ತದೆ. ನಡುವೆ ಇನ್ನೊಂದು ವಾಲ್ವ್ ಕೂಡಿಸಿದರೆ ಆಯಿತು ಎಂಬುದು ಎಲ್ಲರಿಗೂ ಗೊತ್ತು. ನಗರಸಭೆಯಲ್ಲಿ ಕೂತು ಅದೊಂದನ್ನೇ ಪಟ್ಟುಹಿಡಿದು ಕೇಳುವವರು ಬೇಕಿತ್ತು. ಅದನ್ನು ಕೇಳುವುದಕ್ಕೆಂದೇ ಈರಪ್ಪ ಹಿಂದಿನ ಸಲ ನಿಂತಿದ್ದ, ಸೋತಿದ್ದ. ಈ ಸಲ ಮತ್ತೆ ನಾಮಪತ್ರ ತುಂಬಿದಾಗ ಅವನ ಹೆಂಡತಿ ಶಾಂತವ್ವ ನನ್ನ ಮನೆಗೆ ಬಂದಳು.

“ಮಾಸ್ತರ, ಇದs ಕಡೀ ಸಲ. ಈಗ ಬಿದ್ರ ಮತ್ತ ನಿಂದ್ರಂಗಿಲ್ಲ ಅಂತ ಮಗ್ಗದ ಮ್ಯಾಲ ಕೈ ಇಟ್ಟು ಆಣಿ ಮಾಡ್ಯಾರ. ಇವರು ಕೈ ಬಿಟ್ರ ಆ ವಾಲ್ವಿನ ಮಾತು ಎತ್ತವರು ಯಾರೂ ಇಲ್ಲ. ನೀವರೆ ಒಂದೀಟು ಭಾಷಣಾ ಕಲಸ್ರಿ.”

ಜೀವಮಾನವಿಡೀ ಭಾಷಣ ಕೇಳಿದವನಿಗೆ ಇಂಥ ಕೆಲಸ ಬಂದರೆ ಬಿಟ್ಟಾನೆಯೆ? ಮೂರು ಪುಟ ಬರೆದೆ. ಜನರ ಮೈ ಝುಮ್ಮೆನ್ನಬೇಕಾದ ಕಡೆಗಳಲ್ಲಿ ಕೆಂಪು ಗೆರೆ ಎಳೆದೆ. ಈರಪ್ಪ ಅದನ್ನು ಹಾಜರಿ ಪುಸ್ತಕ ಓದಿದಂತೆ ಓದಿ, “ಇಲ್ಲಿ ಗೆರಿ ಯಾಕ ಹಾಕೀರಿ?” ಎಂದ.

“ಅಲ್ಲಿ ದನಿ ಎತ್ತಬೇಕೋ ಮಾರಾಯಾ.”

“ದನಿ ಎತ್ತಿದ್ರ ಬಾಜೂ ಮನಿಯವರು ಜಗಳ ಹತ್ತೇತಿ ಅಂತ ಓಡಿ ಬರತಾರ್ರಿ.”

ಎದುರಿಗೆ ನಿಂತವನು ಪ್ರಕಾಶ. ವಯಸ್ಸು ಮೂವತ್ತು, ಕಂಠ ಕಂಚು. ಅವನು ಮಗ್ಗಗಳಿಗೆ ರಜೆ ಇದ್ದ ದಿನವನ್ನೇ ಹಿಡಿದು, ಡೊಳ್ಳು ಬಡಿಸಿಕೊಂಡು, ಬೈಕುಗಳ ಮೆರವಣಿಗೆಯಲ್ಲಿ ಬಂದ. “ಈ ಓಣಿಗೆ ಗಂಗಿನ್ನ ಇಳಸತೀನಿ. ಏರು ನೋಡಂಗಿಲ್ಲ, ಇಳಕಲ ನೋಡಂಗಿಲ್ಲ” ಎಂದು ಕೈ ಎತ್ತಿದಾಗ ನಾನು ಯಾರ ಪ್ರಚಾರದ ಉಸ್ತುವಾರಿ ಎಂಬುದನ್ನೇ ಮರೆತೆ. ಕಣ್ಣಲ್ಲಿ ನೀರು ಬಂದಿತ್ತು, ಅಂಗೈ ಕೆಂಪಾಗಿತ್ತು. ಯಾರೋ ಪಕ್ಕದಲ್ಲಿ ನನ್ನಷ್ಟೇ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ತಿರುಗಿದರೆ ಈರಪ್ಪ.

“ಛಲೋ ಮಾತಾಡ್ತಾನ್ರಿ ಮಾಸ್ತರ.”

“ಲೇ ಈರಪ್ಪಾ, ಅಂವ ನಿನ್ನ ವಿರುದ್ಧ ನಿಂತಾನ.”

“ಅದೂ ಖರೆ. ಆದ್ರೂ ಛಲೋ ಮಾತಾಡ್ತಾನ.”

ಇಂಥವನನ್ನು ಗೆಲ್ಲಿಸುವುದು ಹೇಗೆ? ನಮ್ಮದೂ ಒಂದು ಸಭೆಯಾಗಲೇಬೇಕೆಂದು ಹಟ ಹಿಡಿದೆ. ಆದರೆ ರಜೆಯ ದಿನ ಮತ್ತೊಂದು ಉಳಿದಿರಲಿಲ್ಲ, ಮಗ್ಗ ನಡೆಯುವ ದಿನ ನಮ್ಮ ಓಣಿಯಲ್ಲಿ ಸಭೆ ಮಾಡುವುದು ಸಾಧ್ಯವಿಲ್ಲ. ಖಟ್ ಖಟ್ ಸದ್ದಿನಲ್ಲಿ ಇಲ್ಲಿ ಗಂಡ ಹೆಂಡತಿ ಕೂಡ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಆ ವಾರ ಲೈನಿನ ಕೆಲಸಕ್ಕಾಗಿ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ತನಕ ಕರೆಂಟು ತೆಗೆಯುತ್ತಿದ್ದರು. ಮಗ್ಗಗಳೆಲ್ಲ ತೆಪ್ಪಗೆ ನಿಲ್ಲುವ ಹೊತ್ತು ಅದೇ! ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿ, ಮೂರಕ್ಕೆ ಸಭೆ ಇಟ್ಟೆ. ಸ್ಟೇಜು ಹಾಕಿಸಿ, ಕುರ್ಚಿ, ದೊಡ್ಡ ಮೈಕು ತರಿಸಿದೆ.

ಮೂರಕ್ಕೆ ಸರಿಯಾಗಿ ಮಗ್ಗಗಳು ನಿಂತವು. ಜನ ಹೊರಗೆ ಬಂದರು. ನಾನು ಗಂಟಲು ಸರಿಮಾಡಿಕೊಂಡು “ಹಲೋ” ಎಂದೆ. ಏನೂ ಇಲ್ಲ. ಮೈಕು ತಟ್ಟಿದೆ, ಊದಿದೆ. ಮೈಕಿನವನು ಬಹಳ ಮರ್ಯಾದೆಯಿಂದ ಹೇಳಿದ: “ಸರ, ಕರೆಂಟ್ ಹೋಗೇತ್ರಿ.”

ಓಣಿಯ ಕೊನೆಯ ಮನೆಯ ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ನಮ್ಮ ಹುಡುಗ್ರಿಗೆ ಸಾಲಿ ಕಲಿಸಿದವರು ನೀವs ಏನ್ರಿ ಮಾಸ್ತರ?” ಎಂದಳು. ಓಣಿಗೆ ಓಣಿಯೇ ನಕ್ಕಿತು. ನಾನು ಸತ್ತ ಮೈಕನ್ನು ಹಿಡಿದುಕೊಂಡು ನಿಂತೆ.

ಈರಪ್ಪ ಸ್ಟೇಜಿನಿಂದ ಇಳಿದು ಗಂಗವ್ವನ ಕಟ್ಟೆಯ ಮೇಲೆ ಕೂತ. ಅವನ ದನಿ ಎರಡು ಮಾರು ದಾಟುವುದಿಲ್ಲವಾದ್ದರಿಂದ ಜನ ತಮ್ಮ ಕುರ್ಚಿಗಳನ್ನು ತಾವೇ ಎತ್ತಿಕೊಂಡು ಅವನ ಸುತ್ತ ಬಂದರು.

“ಗಂಗವ್ವಕ್ಕಾ, ಮೊನ್ನಿ ನಿಮ್ಮ ನಳಕ್ಕ ನೀರು ಆರೂಕಾಲಕ್ಕ ಬಂದು ಆರೂವರಿಗೆ ನಿಂತಿತು. ಮೂರು ಕೊಡಾ.”

“ನಾಕನೇದು ಅರ್ಧ ಆಗಿತ್ತೋ ತಮ್ಮಾ.”

“ಹೌದ್ರಿ. ಮೂರೂವರಿ.”

ಹಾಗೇ ಹದಿನಾಲ್ಕೂ ಮನೆಗಳನ್ನು ಒಂದೊಂದಾಗಿ ಹೇಳುತ್ತ ಹೋದ. ಕಾಗದವಿರಲಿಲ್ಲ. ಹಿಂದಿನ ಸಲ ಸೋತ ಮೇಲೂ ನೀರು ಬಿಡುವ ಪ್ರತಿ ದಿನ ನಸುಕಿನಲ್ಲಿ ಎದ್ದು ಅವನು ಓಣಿಯ ಉದ್ದಕ್ಕೂ ನಡೆದು ನೋಡುತ್ತಿದ್ದನೆಂದು ನನಗೆ ಗೊತ್ತಾದದ್ದು ಆಗಲೇ. ಅದೇ ಓಣಿಯಲ್ಲಿದ್ದೂ ನಾನು ಆ ಹೊತ್ತಿಗೆ ಹಾಸಿಗೆಯಲ್ಲಿರುತ್ತೇನೆ. ನನ್ನದು ಕೆಳಗಿನ ಮನೆ, ನೀರು ತಾನಾಗಿ ತುಂಬುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಈರಪ್ಪ ಮುಂದುವರಿಸಿದ: “ವಾಲ್ವ್ ಕೂಡಿಸಿದ್ರ ಕೆಳಗಿನ ಮನಿಗೋಳಿಗೆ ಹದಿನೈದು ನಿಮಿಷ ನೀರು ಕಡಿಮಿ ಆಕ್ಕೈತಿ. ಅದನ್ನೂ ಮೊದಲs ಹೇಳತೀನಿ.”

ನಾನು ಹಣೆ ಬಡಿದುಕೊಂಡೆ. ಓಣಿಯ ಅರ್ಧಕ್ಕಿಂತ ಹೆಚ್ಚು ಮತಗಳು ಕೆಳಗಿನ ಮನೆಗಳವೇ. ಕೆಳಗಿನ ಮನೆಯ ಟೇಲರ್ ದಸ್ತಗೀರ ಕುರ್ಚಿ ಮುಂದಕ್ಕೆಳೆದು ಕೇಳಿದ: “ಹದಿನೈದು ಅಂದ್ರ ಹದಿನೈದs ಏನು?”

“ಹದಿನಾರು ಆಗಬಾರದು ಅಂತ ನಾನs ನಿಂತು ನೋಡತೀನಿ.”

ನಾನು ಶಾಂತವ್ವನ ಕಡೆ ತಿರುಗಿ ಪಿಸುಗುಟ್ಟಿದೆ. ಅದೇ ಗಳಿಗೆಗೆ ಕರೆಂಟು ಬಂತು. ಮಗ್ಗಗಳ ಬಳಿಗೆ ಜನ ಇನ್ನೂ ಹೋಗಿರಲಿಲ್ಲ, ನನ್ನ ಕೈಯ ಮೈಕು ಮಾತ್ರ ಎದ್ದು ಕೂತಿತು. “ಮುಗೀತು ತಗಿ, ಇಂವ ಬಿದ್ದ” ಎಂಬ ನನ್ನ ಮಾತು ಪಕ್ಕದ ರಬಕವಿಯ ತನಕ ಕೇಳಿಸಿತೆಂದು ಈಗಲೂ ಹೇಳುತ್ತಾರೆ. ಈರಪ್ಪನ ಪರವಾಗಿ ಮೈಕಿನಲ್ಲಿ ಆದ ಭಾಷಣ ಅದೊಂದೇ.

ಮತದಾನದ ದಿನ ರಟ್ಟಿನ ಮರೆಯೊಳಗೆ ನಿಂತಾಗ ಪ್ರಕಾಶನ ಗಂಗೆ ಒಂದು ಕ್ಷಣ ನನ್ನ ಕಿವಿಯಲ್ಲಿ ಭೋರ್ಗರೆದದ್ದು ಸುಳ್ಳಲ್ಲ. ಆದರೆ ಆ ಮರೆಯೊಳಗೆ ಡೊಳ್ಳಿಲ್ಲ, ಪಕ್ಕದವನ ಕೂಗಿಲ್ಲ, ಎಸೆಯಲು ಟಾವೆಲ್ಲಿಗೆ ಜಾಗವೂ ಇಲ್ಲ. ಅಲ್ಲಿ ಮನುಷ್ಯ ಒಬ್ಬನೇ. ನನಗೆ ಗಂಗವ್ವನ ನಾಲ್ಕನೆಯ ಕೊಡ ಕಂಡಿತು, ಅರ್ಧ ತುಂಬಿದ್ದು. ಅಜ್ಜಿ ಹೇಳಿದ ಆನೆಯ ಸಣ್ಣ ಕಣ್ಣು ಇದೇ ಇರಬೇಕು ಎಂದುಕೊಂಡು ಹದಿನೈದು ನಿಮಿಷದ ನೀರಿನ ಆಸೆ ಬಿಟ್ಟೆ.

ಭಾಷಣವೇ ಗೆದ್ದದ್ದನ್ನೂ ನಾನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ಇದನ್ನು ನಿಯಮವೆಂದು ಯಾರೂ ಬರೆದಿಟ್ಟುಕೊಳ್ಳಬೇಡಿ. ಆ ಸಲವಂತೂ ಈರಪ್ಪ ಒಂಬತ್ತು ಮತಗಳಿಂದ ಗೆದ್ದ. ಶಾಂತವ್ವ ಸುದ್ದಿ ಕೇಳಿ ಮೊದಲು ಕೂತಳು, ಆಮೇಲೆ ಅತ್ತಳು. ಕೆಳಗಿನ ಮನೆಗಳವರು ಎಷ್ಟು ಜನ ಹಾಕಿದರೋ ದೇವರಿಗೇ ಗೊತ್ತು. ಅವರು ಹಾಕದೆ ಅವನು ಗೆಲ್ಲುವಂತಿರಲಿಲ್ಲ. ನನ್ನ ಓಣಿಯ ಜನರ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಎಣಿಕೆಯ ಕೇಂದ್ರದ ಹೊರಗೆ ಪ್ರಕಾಶನೇ ಬಂದು ಈರಪ್ಪನಿಗೆ ಮಾಲೆ ಹಾಕಿದ. ಅವನು ತನ್ನ ಗೆಲುವಿಗೆಂದು ಕರೆಸಿದ್ದ ಡೊಳ್ಳಿನವರು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. “ಬಡೀರಿ” ಎಂದು ಅವನೇ ಸನ್ನೆ ಮಾಡಿದ. ಜನ ಈರಪ್ಪನನ್ನು ಟ್ರ್ಯಾಕ್ಟರಿನ ಟ್ರೇಲಿ ಮೇಲೆ ಎತ್ತಿ ನಿಲ್ಲಿಸಿ ಭಾಷಣ ಭಾಷಣ ಎಂದು ಕೂಗಿದರು. ಈರಪ್ಪನ ಮುಖ ಸೋತವರ ಮುಖದಂತಾಯಿತು. ಬಗ್ಗಿ ಪ್ರಕಾಶನ ಕೈ ಹಿಡಿದ.

“ತಮ್ಮಾ, ನನಗ ಮಾತು ಬರಂಗಿಲ್ಲ. ನೀ ಛಲೋ ಮಾತಾಡ್ತಿ. ನನ್ನ ಹೆಸರಲೆ ನೀನs ನಾಕು ಮಾತು ಹೇಳು.”

“ನಾ ಬಿದ್ದೀನೋ ಕಾಕಾ.”

“ಮಾತು ಬಿದ್ದಿಲ್ಲಲ್ಲ.”

ಪ್ರಕಾಶ ಡೊಳ್ಳಿನವರಿಗೆ ನಿಲ್ಲಿಸಲು ಸನ್ನೆ ಮಾಡಿದ. ಆಮೇಲೆ ಟ್ರೇಲಿ ಹತ್ತಿದ. ಗಂಗೆಯ ಮಾತೆತ್ತಲಿಲ್ಲ. ಕಟ್ಟೆಯ ಮೇಲಿನ ಸಭೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹದಿನೈದು ನಿಮಿಷದ ನೀರು ಬಿಟ್ಟುಕೊಟ್ಟವರ ಬಗ್ಗೆ, ಮೂರೂವರೆ ಕೊಡ ನೀರಿನ ಬಗ್ಗೆ, ನಸುಕಿನಲ್ಲಿ ಓಣಿ ನಡೆಯುವ ಮನುಷ್ಯನ ಬಗ್ಗೆ ಮಾತಾಡಿದ. ಅಂಥ ಭಾಷಣವನ್ನು ನಾನು ಜಮಖಂಡಿಯಲ್ಲಿ ಕೇಳಿಲ್ಲ, ಮುಧೋಳದಲ್ಲಿ ಕೇಳಿಲ್ಲ. ನನ್ನ ಹೆಗಲಿನ ಹೊಸ ಟಾವೆಲ್ಲು ಯಾವಾಗ ಮೇಲೆ ಹಾರಿತೋ ತಿಳಿಯಲಿಲ್ಲ. ಅದನ್ನು ಹುಡುಕುವ ಗೋಜಿಗೂ ಹೋಗಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಚಪ್ಪಾಳೆಯೂ ನನ್ನ ಮತವೂ ಒಂದೇ ಕಡೆ ಬಿದ್ದಿದ್ದವು.