ಸೋದರಮಾವನಿಗೆ ಪದಕವಿಲ್ಲ

ಮೊನ್ನೆ ಬೆಳಗಾವಿಯಲ್ಲಿ ಸೇನೆಯವರು ನನ್ನನ್ನು ಮೈದಾನದಿಂದ ಹೊರಗೆ ಕಳಿಸಿದರು. ಗದರಿಸಿ ಅಲ್ಲ. ಬಹಳ ಮರ್ಯಾದೆಯಿಂದ, ‘ಮಾಮಾಜಿ’ ಎಂದು ಕರೆದು. ಗದರಿಸಿದ್ದರೇ ವಾಸಿಯಿತ್ತು.

ಆದದ್ದಿಷ್ಟು. ಡಂಬಳದಲ್ಲಿರುವ ನನ್ನ ತಂಗಿ ಶಾಂತಾಳ ಮಗ ಪ್ರವೀಣ ಅಗ್ನಿವೀರನಾಗಿ ಸೇರಿದ್ದ. ತರಬೇತಿ ಮುಗಿಯಿತು, ಪಾಸಿಂಗ್ ಔಟ್ ಪರೇಡ್ ನೋಡಲು ಮನೆಯವರು ಬರಬೇಕೆಂದು ಕರೆ ಬಂತು. ಡಂಬಳದಿಂದ ಒಂದು ಕ್ರೂಸರ್ ಗಾಡಿ ಹೊರಟಿತು. ಗದಗಿನಲ್ಲಿ ನಾನೂ ನನ್ನ ಹೆಂಡತಿಯೂ ಹತ್ತಿಕೊಂಡೆವು. ಕಾಲಿಡಲು ಜಾಗವಿಲ್ಲದಂತೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕರಚಿಕಾಯಿಯ ಡಬ್ಬಿಗಳು. (ಸೈನ್ಯದಲ್ಲಿ ಊಟವನ್ನೇ ಕೊಡುವುದಿಲ್ಲವೇನೋ ಎಂಬಂತೆ.) ಮುಂದಿನ ಸೀಟಿನಲ್ಲಿ ತಂಗಿಯ ಗಂಡ ಬಸವರಾಜ. ಡಂಬಳದಲ್ಲಿ ಅವರದು ಹಿಟ್ಟಿನ ಗಿರಣಿ. ಅಂದು ಮಾತ್ರ ಹಿಟ್ಟಿನ ಧೂಳಿಲ್ಲ, ಹೊಸ ಬಿಳಿ ಅಂಗಿ. ಅದರ ಇಸ್ತ್ರಿಯ ಗೆರೆ ನೋಡಿ ನನ್ನ ಅಂಗಿಯ ಸುಕ್ಕನ್ನು ಎಳೆದು ಸರಿಮಾಡಿಕೊಂಡೆ.

ಆಮೇಲೆ ಅವರು ಬಾಯಿ ತೆರೆದರು.

“ನೋಡ್ರಿ ಅಣ್ಣಾರ, ಹುಡುಗಗ ಮಿಲಿಟರಿ ಹುಚ್ಚು ಹಿಡಿಸಿದಾಂವ ನಾನ. ದಿನಾ ನಸುಕಿನ್ಯಾಗ ಎಬ್ಬಿಸಿ ಕೆರಿ ಕಡೆ ಓಡಾಕ ಕಳಸ್ತಿದ್ದೆ.”

ನನಗೆ ನೆನಪಿರುವುದೇ ಬೇರೆ. ಡಂಬಳದ ಕೆರೆ ಏರಿ, ಸಂಜೆ ಹೊತ್ತು. ಪ್ರವೀಣನ ಹೆಗಲ ಮೇಲೆ ಕೈಯಿಟ್ಟು ‘ಸೈನ್ಯಕ್ಕ ಹೋಗಲೇ’ ಎನ್ನುತ್ತಿದ್ದೇನೆ. ‘ಇರಾಂವ ಒಬ್ಬ ಮಗ, ಅವನ ತಲಿ ಕೆಡಸಬ್ಯಾಡ್ರಿ’ ಎಂದು ಬಸವರಾಜ ಸಿಡುಕುತ್ತಿದ್ದಾರೆ. ನೀರಿನ ಮೇಲೆ ಇಳಿಬಿಸಿಲು, ಏರಿಯ ಮೇಲೆ ಎಮ್ಮೆಗಳು. ಎಲ್ಲ ಕಣ್ಣಿಗೆ ಕಟ್ಟಿದಂತಿದೆ.

ತೊಂದರೆ ಅದೇ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವನು ನಾನು. ಇಷ್ಟು ಚೆಂದವಾಗಿ ಕಣ್ಣಿಗೆ ಕಟ್ಟುವ ಸಾಕ್ಷಿಯನ್ನು ನಂಬಬೇಡಿ ಎಂದು ಅಲ್ಲಿ ಕಲಿಸಿದ್ದರು. (ಕಲಿಸಿದ್ದರೆಂದು ನೆನಪು.) ಅನುಮಾನವಾಗಿ ಹೆಂಡತಿಯನ್ನು ಮೆಲ್ಲಗೆ ಕೇಳಿದೆ, ಅವನಿಗೆ ಸೈನ್ಯದ ದಾರಿ ತೋರಿಸಿದ್ದು ನಾನೇ ತಾನೇ?

“ನೀವಾ? ನೀವು ಡಿ.ಎಡ್. ಮಾಡು ಅಂತ ಅವನ ಬೆನ್ನ ಹತ್ತಿದ್ರಿ.”

“ಅದು ಮೊದಲ. ಆಮ್ಯಾಲ ನಾನ ಅಲ್ಲೇನು ಸೈನ್ಯಕ್ಕ...”

“ಮೊದಲೂ ಅದ, ಆಮ್ಯಾಲೂ ಅದ. ಸುಮ್ನ ಕುಂಡ್ರಿ. ಅವರ ಮಗ, ಅವರ ಪರೇಡು.”

ಸುಮ್ಮನೆ ಕುಳಿತೆ. ಮನಸ್ಸು ಕೂರಬೇಕಲ್ಲ? ಪ್ರವೀಣನನ್ನೇ ಕೇಳಿಬಿಡುವುದು, ಅದೂ ಎಲ್ಲರ ಎದುರಿಗೆ, ಎಂದು ನಿರ್ಧರಿಸಿದೆ.

ಬೆಳಗಾವಿಯ ಮೈದಾನದಲ್ಲಿ ಬ್ಯಾಂಡು ಮೊಳಗಿತು. ಹುಡುಗರೆಲ್ಲ ಒಂದೇ ಕಾಲಿನಲ್ಲಿ ನಡೆದಂತೆ ನಡೆದು ಬಂದರು. ಒಂದೇ ಬಟ್ಟೆ, ಒಂದೇ ಬಗೆಯ ಟೋಪಿ. ತಂಗಿ ಒಬ್ಬನನ್ನು ತೋರಿಸಿ ಅತ್ತಳು. ಬಸವರಾಜ ಇನ್ನೊಬ್ಬನನ್ನು ನೋಡಿ ಎದ್ದು ನಿಂತರು. ಯಾರದೋ ಮಗನಿಗೆ ನಾವೆಲ್ಲ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು. ನಮ್ಮವನಿಗೆ ಇನ್ಯಾರೋ ತಟ್ಟಿರಬೇಕು.

ಆಗ ಮೈಕಿನಲ್ಲಿ ಕರೆದರು. ಮಗನನ್ನು ಸೈನ್ಯಕ್ಕೆ ಕೊಟ್ಟ ತಂದೆ ತಾಯಿಗಳು ಮೈದಾನಕ್ಕೆ ಬರಬೇಕು, ಅವರ ಎದೆಗೆ ಪದಕ ತೊಡಿಸುತ್ತಾರೆ.

ನಾನು ಎದ್ದೆ.

ಯಾಕೆ ಎದ್ದೆ? ನಮ್ಮ ಕಡೆ ಗೊತ್ತಲ್ಲ, ಮಗುವಿನ ಯಾವ ಕಾರ್ಯವಿದ್ದರೂ ‘ಸ್ವಾದರಮಾವ ಎಲ್ಲಿ, ಬರ್ರಿ ಮುಂದ’ ಎಂಬ ಕೂಗು ಏಳುತ್ತದೆ. ಪ್ರವೀಣನ ಜವಳದ ದಿನ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಿದವನು ನಾನು. (ಇದಕ್ಕೆ ಫೋಟೊ ಇದೆ.) ಕರೆಸಿಕೊಂಡು ಅಭ್ಯಾಸವಾದ ಕಾಲುಗಳು, ತಂಗಿ ಮತ್ತು ಬಸವರಾಜರ ಹಿಂದೆ ತಾವೇ ನಡೆದುಬಿಟ್ಟವು. ಮೈದಾನದ ಅಂಚಿನ ಸುಣ್ಣದ ಗೆರೆಯ ಬಳಿ ನಿಂತಿದ್ದ ಹವಾಲ್ದಾರ ತಡೆದ.

“ಆಪ್ ಕೌನ್?”

“ಲಡಕೇ ಕಾ ಮಾಮಾ.”

ಅವನು ನಕ್ಕ. ನಗಬಾರದಿತ್ತು. “ಮಾಮಾಜಿ, ಪೀಛೇ ಬೈಠಿಯೇ.”

ಹಿಂದೆ ಹೋಗಿ ಕುಳಿತೆ. ಅಲ್ಲಿಂದಲೇ ಕಂಡಿತು, ಆ ಬಿಳಿ ಅಂಗಿಗೆ ಪದಕ ಏರುವುದು, ಬಸವರಾಜ ಹೊಟ್ಟೆ ಒಳಗೆ ಎಳೆದುಕೊಳ್ಳುವುದು. ನನ್ನ ಎದೆ ನೋಡಿಕೊಂಡೆ. ಪೆನ್ನು ಇತ್ತು.

ಪಕ್ಕದ ಮನೆಯವನ ಕಾರಿಗೋ ಗೆಳೆಯನ ಪ್ರಮೋಷನ್ನಿಗೋ ಹೊಟ್ಟೆಕಿಚ್ಚುಪಟ್ಟರೆ ಹೆಂಡತಿಯ ಹತ್ತಿರವಾದರೂ ಹೇಳಿಕೊಳ್ಳಬಹುದು. ಸ್ವಂತ ತಂಗಿಯ ಮನೆಯ ಸಂತೋಷಕ್ಕೆ ಪಟ್ಟರೆ ಯಾರ ಹತ್ತಿರ ಹೇಳುವುದು? ಸಂತೋಷ ನಮ್ಮ ಮನೆಯದೇ ಇರುತ್ತದೆ, ಫೋಟೊದಲ್ಲಿ ಮಾತ್ರ ನಾವಿರುವುದಿಲ್ಲ. ನಿಮಗೆ ಹೀಗೆಂದೂ ಆಗಿಲ್ಲವೇ? ಆಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ.

ಪರೇಡ್ ಮುಗಿದ ಮೇಲೆ ಪ್ರವೀಣ ನಮ್ಮನ್ನು ಹುಡುಕಿಕೊಂಡು ಬಂದ. ಕಪ್ಪಾಗಿದ್ದ, ಉದ್ದವಾದಂತಿದ್ದ. ತಾಯಿ ತಂದೆಗೆ ಸೆಲ್ಯೂಟ್ ಹೊಡೆದ. ತನ್ನ ಟೋಪಿ ತೆಗೆದು ಅಪ್ಪನ ತಲೆಗೆ ಇಟ್ಟ. ಅದು ಬಸವರಾಜರಿಗೆ ಚಿಕ್ಕದಾಯಿತು. ಅವರು ತೆಗೆಯಲಿಲ್ಲ. ಮೂವರೂ ನಿಂತರು, ಮೊಬೈಲ್ ನನ್ನ ಕೈಗೆ ಬಂತು. ಫೋಟೊ ಹೊಡೆದೆ. (ಅಲುಗಾಡಿದ್ದರೆ ಅದು ಬೇಕಂತಲೇ ಅಲ್ಲ.)

ಡಬ್ಬಿಗಳು ತೆರೆದುಕೊಂಡವು. ಇದೇ ಹೊತ್ತು ಎನಿಸಿತು.

“ಪ್ರವೀಣಾ, ಖರೆ ಹೇಳು. ಮಿಲಿಟರಿಗೆ ಹೋಗು ಅಂತ ನಿನಗ ಹೇಳಿದಾವರು ಯಾರು?”

“ಅಣ್ಣಾ, ಈಗ ಯಾಕ ಅದು?” ಎಂದಳು ತಂಗಿ. ಬಸವರಾಜ ಮತ್ತೊಮ್ಮೆ ಹೊಟ್ಟೆ ಎಳೆದುಕೊಂಡರು.

ಹುಡುಗ ಕರಚಿಕಾಯಿ ಅಗಿಯುತ್ತ ಯೋಚಿಸಿದ. “ಯಾರೂ ಹೇಳಿಲ್ರಿ ಮಾಮಾ. ಅಪ್ಪಾರು ಗಿರಣ್ಯಾಗ ಕುಂಡ್ರು ಅಂತಿದ್ರು. ನೀವು ದಿನಾ ಮುಂಜಾನೆ ಫೋನ್ ಹಚ್ಚಿ, ಡಿ.ಎಡ್.ಗೆ ಅರ್ಜಿ ಹಾಕಿದೇನು ಅಂತ ಕೇಳ್ತಿದ್ರಿ. ನಿಮ್ಮ ಕಾಟಕ್ಕ ಫೋನ್ ಮನ್ಯಾಗ ಬಿಟ್ಟು ಕೆರಿ ಕಡೆ ಓಡಿ ಹೋಗ್ತಿದ್ದೆ. ಓಡಿ ಓಡಿ ರೂಢಿ ಆತು.”

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಬಸವರಾಜ ಚಿಕ್ಕ ಟೋಪಿ, ಪದಕ ಎರಡನ್ನೂ ಕುಣಿಸುತ್ತ ನಕ್ಕರು.

ನಾನು ನಗಲಿಲ್ಲ. ಕೆರೆ ಏರಿಯ ಸಂಜೆ, ಎಮ್ಮೆಗಳು, ಇಳಿಬಿಸಿಲು ಎಲ್ಲ ಸುಳ್ಳೇ ಇರಲಿ, ಬಿಟ್ಟುಕೊಟ್ಟೆ. ಆದರೆ ಹುಡುಗ ಓಡಿದ್ದು ನನ್ನ ಫೋನಿನ ಕಾಟಕ್ಕೆ ಎಂದು ಅವನೇ ಹೇಳಿದ ಮೇಲೂ, ಆ ಪದಕ ಬಸವರಾಜರ ಅಂಗಿಯ ಮೇಲೆ ಏನು ಮಾಡುತ್ತಿದೆ?