ಕುರಿಗಿಟ್ಟ ಉಪ್ಪು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತಾವರೆಕೆರೆ ಕಡೆಯ ಹಳ್ಳಿಯಿಂದ ಶಿರಾಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ಈಗ ಶಿರಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದನ್ನು ಹೇಳಿಕೊಳ್ಳಲು ಹೆಮ್ಮೆ ಇದೆ, ಸುಳ್ಳೇಕೆ ಹೇಳಲಿ. ಆ ಹೆಮ್ಮೆಯಿಂದಲೇ ಅವ್ವನ ಜೀವಕ್ಕೆ ಕುತ್ತು ತಂದೆ.

ಹೋದ ಬೇಸಿಗೆಯಲ್ಲಿ ಅವ್ವನಿಗೆ ಬಿಪಿ ಇದೆಯೆಂದು ಗೊತ್ತಾಯಿತು. ಶಿರಾದ ಆಸ್ಪತ್ರೆಯ ಡಾಕ್ಟರು ಮೂತ್ರ ಹೆಚ್ಚು ಮಾಡುವ ಮಾತ್ರೆಯೊಂದನ್ನು ಬರೆದುಕೊಟ್ಟು, "ಉಪ್ಪು ಕಮ್ಮಿ ಮಾಡಿ" ಎಂದರು. ಕಮ್ಮಿ ನನಗೆ ಸಾಲಲಿಲ್ಲ. ಪೂರ್ತಿ ನಿಲ್ಲಿಸಿದರೆ ಬಿಪಿ ಇನ್ನೂ ಬೇಗ ಇಳಿಯುತ್ತದೆ ಎಂದುಕೊಂಡೆ. ಊರಿಗೆ ಹೋಗಿ, ಅವ್ವನ ಸಾರನ್ನು ಉಪ್ಪಿಲ್ಲದೆ ಬೇರೆಯೇ ಮಾಡಬೇಕೆಂದು ಅತ್ತಿಗೆಗೆ ಹೇಳಿದೆ. ನಮ್ಮಲ್ಲಿ ಮುದ್ದೆಗೆ ಉಪ್ಪು ಹಾಕುವುದಿಲ್ಲ. ಹೊಟ್ಟೆಗೆ ಹೋಗುವ ಉಪ್ಪೆಲ್ಲ ಸಾರಿನದೇ. ಉಪ್ಪಿನಕಾಯಿಯನ್ನೂ ಬಂದ್ ಮಾಡಿಸಿದೆ. ಮೇಲಿಂದ, ಬಾಯಾರಿಕೆ ಇರಲಿ ಬಿಡಲಿ, ಚೊಂಬುಗಟ್ಟಲೆ ನೀರು ಕುಡಿ ಎಂದೆ.

"ಸಪ್ಪೆ ಸಾರಲ್ಲಿ ಮುದ್ದೆ ಹೆಂಗೆ ಇಳೀತದಮ್ಮ?" ಎಂದಳು ಅತ್ತಿಗೆ.

"ಸೈನ್ಸು ಓದಿರೋಳು ನೀನೋ ನಾನೋ?"

ಅವ್ವನೇ, "ಅವ್ಳು ಓದವ್ಳೆ, ಅಂಗೇ ಮಾಡ್ಬುಡು" ಎಂದಳು.

ಮೂರು ವಾರ ಕಳೆದ ಮೇಲೊಂದು ಭಾನುವಾರ ಊರಿಗೆ ಹೋದೆ. ಅವ್ವ ಕುರಿಹಟ್ಟಿಯಲ್ಲಿದ್ದಳು. ಕುರಿಗಳು ನೆಕ್ಕಲೆಂದು ಚಪ್ಪಡಿ ಕಲ್ಲಿನ ಮೇಲೆ ಆಗಾಗ ಕಲ್ಲುಪ್ಪು ಹಾಕುವುದು ನಮ್ಮ ರೂಢಿ. ಅವ್ವ ಉಪ್ಪು ಹಾಕುತ್ತಾ ಒಂದು ಹರಳನ್ನು ಬಾಯಿಗೆ ಹಾಕಿಕೊಂಡಳು. ನಾನು ನೋಡಿಬಿಟ್ಟೆ.

"ಕುರಿ ಉಪ್ಪು ಕದ್ದು ತಿಂತೀಯಾ? ನಾಚ್ಕೆ ಆಗಲ್ವೇನವ್ವ?"

ಹಿಂದೆಯೇ ಬಂದಿದ್ದ ಅತ್ತಿಗೆ, "ಇನ್ನೇನ್ ಮಾಡ್ತಾರೆ? ಕುರಿಗಾದ್ರೂ ಉಪ್ಪು ಹಾಕ್ತೀವಿ" ಎಂದು ನಕ್ಕಳು. ನನ್ನನ್ನು ಚುಚ್ಚಲೆಂದೇ ಆಡಿದ ಮಾತು.

ಅವ್ವ ಹರಳನ್ನು ಉಗಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಕಾಲು ಸೆಟ್ಕಂತವೆ ಕಣವ್ವ. ಬಾಯೆಲ್ಲ ಸಪ್ಪೆ. ಬುಡು, ಇನ್ಮ್ಯಾಕೆ ಮುಟ್ಟಾಕಿಲ್ಲ."

ಹೇಳಿದಂತೆಯೇ ಮುಟ್ಟಲಿಲ್ಲ. ಆ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬೆವರು ಸುರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮುಂದಿನ ಗುರುವಾರ ಶಾಲೆಗೆ ಅತ್ತಿಗೆಯ ಫೋನ್ ಬಂತು. "ಬಿರ್ರನೆ ಬಾರಮ್ಮ. ಅತ್ತೆ ಏನೇನೋ ಮಾತಾಡ್ತಾವ್ರೆ. ನಿಮ್ಮಣ್ಣನ ಗುರ್ತೇ ಸಿಗ್ತಿಲ್ಲ."

ಶಿರಾದ ಆಸ್ಪತ್ರೆಗೆ ತಂದೆವು. ಅವ್ವ ನನ್ನನ್ನು ಎಂದೋ ಸತ್ತುಹೋದ ತನ್ನ ತಂಗಿಯ ಹೆಸರಿನಿಂದ ಕರೆದಳು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ತೀರಾ ಇಳಿದಿತ್ತು. ತಡಮಾಡಿದ್ದರೆ ಫಿಟ್ಸ್ ಬರುತ್ತಿತ್ತು, ಜೀವವೂ ಉಳಿಯುತ್ತಿರಲಿಲ್ಲವೇನೋ ಎಂದರು ಡಾಕ್ಟರು. ಮಾತ್ರೆಯ ಕೆಲಸವನ್ನು ನನಗೆ ಬಿಡಿಸಿ ಹೇಳಿದರು: ಕಿಡ್ನಿ ರಕ್ತವನ್ನು ಸೋಸಿದ ಮೇಲೆ ಹೆಚ್ಚುಕಡಿಮೆ ಎಲ್ಲ ಉಪ್ಪನ್ನೂ ವಾಪಸ್ ಹೀರಿಕೊಳ್ಳುತ್ತದೆ. ಈ ಮಾತ್ರೆ ಅದರಲ್ಲಿ ಸ್ವಲ್ಪ ಭಾಗವನ್ನು ಹೀರದಂತೆ ತಡೆದು ಮೂತ್ರದಲ್ಲಿ ಹೊರಕ್ಕೆ ಕಳಿಸುತ್ತದೆ. ಒಳಗೆ ಬರುವ ಉಪ್ಪು ನಿಂತು, ಬರೀ ನೀರೇ ತುಂಬಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಕೆಲವು ವಯಸ್ಸಾದವರಿಗೆ ಅದು ನೇರ ಮಿದುಳಿಗೇ ಹೊಡೆಯುತ್ತದೆ.

ಕಿಡ್ನಿ ಉಪ್ಪನ್ನು ವಾಪಸ್ ಹೀರಿಕೊಳ್ಳುವ ಪಾಠವನ್ನು ನಾನು ವರ್ಷಾವರ್ಷ ಹತ್ತನೇ ಕ್ಲಾಸಿಗೆ ಮಾಡುತ್ತೇನೆ. ಬೋರ್ಡಿನ ಮೇಲೆ ಆ ನಳಿಕೆಗಳ ಚಿತ್ರವನ್ನು ನೋಡದೆ ಬರೆಯಬಲ್ಲೆ.

ಮೂರನೇ ದಿನ ಅವ್ವನ ಬುದ್ಧಿ ಸ್ಥಿಮಿತಕ್ಕೆ ಬಂತು. ರೌಂಡ್ಸಿಗೆ ಬಂದ ಡಾಕ್ಟರು ಕೇಳಿದರು: "ಉಪ್ಪು ಕಮ್ಮಿ ಮಾಡಿ ಅಂದಿದ್ದೆ. ಪೂರ್ತಿ ಬಿಡಿ ಅಂತ ಯಾರಮ್ಮ ಹೇಳಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿದಳು: "ನಾನೇ ಬಿಟ್ಟೆ ಸಾಮಿ. ನನ್ ಮಗ್ಳು ಬ್ಯಾಡ ಅಂತ ಬಡ್ಕಂಡ್ಳು. ನಾನೇ ಕೇಳ್ಲಿಲ್ಲ."

ಬಾಯಿ ತೆರೆಯುವಷ್ಟರಲ್ಲಿ ಎಂದು ಬರೆದೆ. ಅದೂ ನಿಜವಲ್ಲ. ನಾನು ಬಾಯಿ ತೆರೆಯುವವಳಿರಲಿಲ್ಲ.

"ಓದಿರೋ ಮಗಳ ಮಾತು ಕೇಳ್ಬೇಕು ಕಣಮ್ಮ" ಎಂದು ಡಾಕ್ಟರು ಅವ್ವನನ್ನೇ ಗದರಿದರು. ನನ್ನ ಕಡೆ ತಿರುಗಿ, "ಮಾತ್ರೆ ಬದಲಾಯಿಸಿದ್ದೀನಿ. ಇನ್ಮೇಲೆ ನೀವೇ ನಿಗಾ ಇಡಿ, ಮೇಡಂ" ಎಂದರು.

"ಆಯ್ತು ಸರ್" ಎಂದೆ.

ಅವರು ಮುಂದಕ್ಕೆ ಹೋದರು. ಅವ್ವ ಆಗಲೇ ಪಕ್ಕದ ಮಂಚದ ಹೆಂಗಸಿನ ಕಡೆ ವಾಲಿ ಹೇಳುತ್ತಿದ್ದಳು: "ನನ್ ಮಗ್ಳು ಕಣಮ್ಮ. ಟೀಚ್ರು."